ಯೊರಿಟ್ ವಿಮಾನ ಕಲಿಯಲು ಹೊರಟದ್ದು

ಮೀನಂಗಡಿಯ ಯೊರಿಟ್ ಮಾಡಿದ ತಪ್ಪು ಇಷ್ಟೇ: ಸಂತೆಯ ದಿನ ಬೆಳಿಗ್ಗೆ ಕ್ಷೌರದಂಗಡಿಯಲ್ಲಿ ಬಾಯಿ ಬಿಟ್ಟ.

“ಶೂರ್ಡ್, ಸಣ್ಣ ವಿಮಾನ ಹಾರಿಸೋದು ಕಲಿಯೋಕೆ ಯಾವ ದೇಶ ಒಳ್ಳೇದು?”

ಕ್ಷೌರಿಕ ಶೂರ್ಡ್‌ನ ಕತ್ತರಿ ನಿಂತಿತು. “ಯಾರಿಗೆ?”

“ಗುರುತಿನವರೊಬ್ಬರಿಗೆ,” ಎಂದ ಯೊರಿಟ್. ಕಿವಿಗಳು ಮಾತ್ರ ಬೇಯಿಸಿದ ಸೀಗಡಿಯಂತೆ ಕೆಂಪಾಗಿ ನಿಜ ಹೇಳಿಬಿಟ್ಟವು.

“ಸ್ಪೇನ್!” ಎಂದ ಶೂರ್ಡ್. “ವರ್ಷವಿಡೀ ಬಿಸಿಲು. ಇಲ್ಲಿ ಮೋಡ ಸರಿಯೋ ಹೊತ್ತಿಗೆ ಮೀಸೆ ಹಣ್ಣಾಗತ್ತೆ.”

ಸರದಿಗೆ ಕಾದಿದ್ದ ಮುದಿ ನಾವಿಕ ಡೌವ ಪತ್ರಿಕೆ ಮಡಚಿದ. “ಬಿಸಿಲಲ್ಲಿ ಕಲಿತವನು ನಮ್ಮ ಫ್ರಿಸ್ಲೆಂಡಿನ ಗಾಳೀಲಿ ಒಗೆದ ಬಟ್ಟೆ ಹಾರಿದ ಹಾಗೆ ಹಾರ್ತಾನೆ. ಐರ್ಲೆಂಡಿಗೆ ಹೋಗಲಿ! ಅಲ್ಲಿ ಮಳೆ, ಗಾಳಿ, ಮಂಜು ಎಲ್ಲಾ ಒಂದೇ ಪಾಠದಲ್ಲಿ ಸಿಗತ್ತೆ.”

ಶೂರ್ಡ್‌ನಿಗೆ ರೇಗಿತು. ಭೂಪಟ ತರಲು ಮಹಡಿ ಹತ್ತಿದವನು ಎಷ್ಟು ಹೊತ್ತಾದರೂ ಇಳಿಯಲಿಲ್ಲ. ತನ್ನ ಅಂಗಡಿ ತೆರೆಯುವ ಹೊತ್ತಾಯಿತೆಂದು ಯೊರಿಟ್ ಎದ್ದು ಓಡಿದ. ತಲೆಯ ಎಡಭಾಗ ಕೊಯ್ಲಾದ ಗದ್ದೆಯಂತೆ, ಬಲಭಾಗ ಪೈರು ನಿಂತ ಗದ್ದೆಯಂತೆ ಇತ್ತು.

ಸುದ್ದಿ ಅವನಿಗಿಂತ ಮೊದಲೇ ಸಂತೆ ಸೇರಿತ್ತು. ಪಕ್ಕದ ಚೀಸ್ ಅಂಗಡಿಯ ವೀಪ್ಕೆ ಕಾದೇ ಇದ್ದಳು. “ಸ್ಪೇನಂತೆ! ರೇಡಿಯೋದಲ್ಲಿ ಅವರು ಅವರ ಭಾಷೇಲಿ ಎಡಕ್ಕೆ ಅಂತಾರೆ, ನಿನಗೆ ಅರ್ಥವಾಗೋಷ್ಟರಲ್ಲಿ ಬೆಟ್ಟ ಬಂದಿರತ್ತೆ. ಜೆಕ್ ದೇಶಕ್ಕೆ ಹೋಗು ಮಾರಾಯ. ಖರ್ಚು ಕಡಿಮೆ, ಊಟ ಭರ್ಜರಿ.”

“ಅದೂ ಸರಿಯೇ,” ಎಂದ ಯೊರಿಟ್. ಬೆಳಗಿನಿಂದ ಅವನು ಎಲ್ಲರಿಗೂ ಹಾಗೇ ಅಂದಿದ್ದ. ಸಲಹೆ ಕೊಡುವವರ ಸಾಲು ಬೆಳೆಯಿತು. ಮೀನು ಕೊಳ್ಳುವವರು ಅವರ ಹಿಂದೆ ಕಾದು ಬೇಸತ್ತು ಹೋದರು. ಬಾಣಲೆಯ ಮೀನು ಇದ್ದಿಲಾಯಿತು.

ಮಧ್ಯಾಹ್ನ ಹೆಂಡತಿ ಬೌಕ್ಯ ಬುತ್ತಿ ತಂದಳು. ಅವಳೊಬ್ಬಳಿಗೆ ಅವನು ಹೇಳಿರಲಿಲ್ಲ. ಸ್ಟೂಲು ಹತ್ತಿದರೂ ಗೋಡೆ ಹಿಡಿಯುವವಳು, ಹೆದರಿ ಬೇಡವೆಂದಾಳು. ದೇಶ ಗೊತ್ತಾಗಲಿ, ಆಮೇಲೆ ಹೇಳೋಣ ಎಂದು ವರ್ಷಗಳನ್ನೇ ತಳ್ಳಿದ್ದ.

“ಬೌಕ್ಯ, ಗಂಡನನ್ನ ಐರ್ಲೆಂಡಿಗೇ ಕಳಿಸು!” ಎಂದು ಡೌವ ಕೂಗಿದ.

“ಜೆಕ್ ದೇಶಕ್ಕೆ!” ಎಂದಳು ವೀಪ್ಕೆ.

ಬೌಕ್ಯ ಗಂಡನನ್ನೂ ಅವನ ಅರ್ಧ ಕ್ಷೌರದ ತಲೆಯನ್ನೂ ನೋಡಿದಳು. ಬುತ್ತಿ ಇಟ್ಟು, ಸೈಕಲ್ ಹತ್ತಿ ಹೊರಟೇಹೋದಳು.

ಸಂಜೆ ಮನೆ ಬಿಕೋ ಎನ್ನುತ್ತಿತ್ತು. ಯೊರಿಟ್ ಕ್ಷಮೆಯ ಮಾತುಗಳನ್ನು ಒಂದೊಂದಾಗಿ ಜೋಡಿಸಿಕೊಂಡು, ಬಟಾಣಿ ಸೂಪು ಬಿಸಿ ಮಾಡಿ ಕಾದ. ಬೌಕ್ಯ ಬಂದಳು, ಕೆನ್ನೆ ಕೆಂಪಾಗಿತ್ತು, ಕೂದಲು ಕೆದರಿತ್ತು.

“ಎಲ್ಲಿಗೆ ಹೋಗಿದ್ದೆ?”

“ಊರಾಚೆ ಸಣ್ಣ ವಿಮಾನ ಇಳಿಯೋ ಹುಲ್ಲುಮೈದಾನಕ್ಕೆ. ವಿಮಾನ ಇಲ್ಲೇ ಕಲಿಸ್ತಾರಲ್ಲ, ಇವನ್ಯಾಕೆ ದೇಶಾಂತರ ಹೋಗ್ಬೇಕು ಅಂತ ಕೇಳೋಕೆ. ಜಗಳಾಡೋಕೇ ಹೋಗಿದ್ದೆ. ಅಲ್ಲಿ ಕಲಿಸೋ ಮಾಸ್ತರು ಕೂತ್ಕೊಳ್ಳಮ್ಮ ಅಂತ ಒಂದು ಸುತ್ತು ಹಾರಿಸಿದ್ರು.” ಅವಳ ದನಿ ತಗ್ಗಿತು. “ಯೊರಿಟ್, ಹೆದರಿ ಮುಚ್ಚಿದ್ದ ಕಣ್ಣು ಬಿಟ್ರೆ, ಸಮುದ್ರ ಬೆಳ್ಳಿ ತಟ್ಟೆ ಥರ ಕಾಣತ್ತೆ. ಈ ವರ್ಷಕ್ಕೆ ಒಂದೇ ಜಾಗ ಉಳಿದಿತ್ತು. ನಾನು ಸೇರಿಬಿಟ್ಟೆ.”

“ನೀನಾ? ನನ್ನನ್ನೊಂದು ಮಾತು ಕೇಳ್ಬಾರದಿತ್ತಾ?”

“ನೀನು ನನ್ನನ್ನ ಕೇಳಿದ್ಯಾ? ಊರನ್ನೆಲ್ಲಾ ಕೇಳಿದೆ.”

ಯೊರಿಟ್ ಬಟ್ಟಲುಗಳಿಗೆ ಸೂಪು ಬಡಿಸಿದ. ಪ್ರತಿ ವಾರ ಮೀನಿನ ವ್ಯಾನಿನಲ್ಲಿ ಆ ಮೈದಾನದ ಬಳಿ ಬಂದಾಗಲೆಲ್ಲ ಅವನು ವೇಗ ತಗ್ಗಿಸುತ್ತಿದ್ದ. ಒಂದು ಸಲವೂ ಒಳಗೆ ತಿರುಗಿಸಿರಲಿಲ್ಲ.

“ಮುಂದಿನ ವರ್ಷ ನಾನೂ...”

“ಇಬ್ಬರೂ ಮೇಲೆ ಹೋಗ್ಬಿಟ್ರೆ ಮೀನು ಕರಿಯೋರ್ಯಾರು?” ಎಂದು ಬೌಕ್ಯ ನಕ್ಕಳು; ಅವನ ಮುಖ ಕಂಡು ನಗು ನಿಲ್ಲಿಸಿದಳು. ಅವನ ಕೈ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದಳು: “ಹೋಗ್ಲಿ, ಕೊನೆಗೆ ಯಾವ ದೇಶ ಅಂತ ಮಾಡಿದ್ದೆ?”

ಯೊರಿಟ್ ಇನ್ನೊಂದು ಕೈಯಿಂದ ಸೂಪು ಕಲಕಿದ.

“ಇನ್ನೂ ತೀರ್ಮಾನ ಆಗಿರಲಿಲ್ಲ,” ಎಂದ.