ಒಂಬತ್ತನೆಯ ಗುಡ್ಡ

ಇಷ್ಟೆಲ್ಲ ರಂಪಕ್ಕೆ ಕಾರಣ ಲಿಫ್ಟ್ ಮೆಕ್ಯಾನಿಕ್ ಹಾಕಿದ ಒಂದು ಮೆಸೇಜು. ‘ಶನಿವಾರ ಸಂಜೆ ಐದಕ್ಕೆ ಸಭೆ. ಪ್ರತಿಯೊಬ್ಬರೂ ತಮ್ಮ ತಮ್ಮ ಭಾಗವನ್ನು ಮೊದಲಿನಿಂದ ಆಡಿ ಮುಗಿಸಿ, ಕೊನೆಯ ದೃಶ್ಯದ ಫೋಟೋ ತರತಕ್ಕದ್ದು. ಫೋಟೋ ಇಲ್ಲದವರಿಗೆ ಮತ ಇಲ್ಲ.’ ಕನ್ನಡಕದಂಗಡಿಯಲ್ಲಿ ಗಾಜು ತೇಯುವ ನಮ್ಮ ಕಥಾನಾಯಕ ಅದನ್ನು ಓದಿ ಒಂದು ಲೋಟ ನೀರು ಕುಡಿದ. ಮತ್ತೊಮ್ಮೆ ಓದಿ ಇನ್ನೊಂದು ಲೋಟ ಕುಡಿದ.

ಸಭೆ ಎಂದರೆ ನಾಲ್ಕು ಜನ. ‘ಗುಡ್ಡದ ಮೇಕೆ’ ಎಂಬ ಹಳೆಯ ವಿಡಿಯೊ ಗೇಮ್ ಇದೆ. ಒಂದು ಮೇಕೆಮರಿ ಬಂಡೆಯಿಂದ ಬಂಡೆಗೆ ಜಿಗಿಯುತ್ತ, ಮುಳ್ಳು, ತೋಳಗಳಿಂದ ತಪ್ಪಿಸಿಕೊಳ್ಳುತ್ತ, ಗುಡ್ಡದ ಮೇಲೆ ಗುಡ್ಡ ಹತ್ತಬೇಕು, ಆಟ ಅಷ್ಟೇ. ಮೂವತ್ತು ವರ್ಷದ ಹಿಂದೆ ಅದರ ನಾಲ್ಕು ಭಾಗಗಳು ಬಂದವು. ಜನ ಆಡಿದರು, ಮರೆತರು, ಮದುವೆ ಮಕ್ಕಳು ಎಂದು ತಮ್ಮ ದಾರಿ ನೋಡಿಕೊಂಡರು. ಈ ನಾಲ್ವರು ಮಾತ್ರ ತಿಂಗಳಿಗೊಮ್ಮೆ ಸೇರಿ, ಯಾವ ಭಾಗ ಶ್ರೇಷ್ಠ ಎಂದು ಕಚ್ಚಾಡುತ್ತಿದ್ದರು. ಎಂಟು ವರ್ಷ ಕಚ್ಚಾಡಿದ ಮೇಲೆ ಅವರಿಗೆ ಅವರವರ ಭಾಗದ ಹೆಸರೇ ಅಂಟಿಕೊಂಡಿತ್ತು. ನಿವೃತ್ತ ಭೂಗೋಳದ ಮೇಷ್ಟ್ರು ಒಂದನೆಯವರು. ಲಿಫ್ಟ್ ಮೆಕ್ಯಾನಿಕ್ ಎರಡನೆಯವನು. ಆಸ್ಪತ್ರೆಯ ಹೆಡ್ ನರ್ಸ್ ನಾಲ್ಕನೆಯವರು. ನಮ್ಮವನು ಮೂರನೆಯವನು. ಮತ ಹಾಕಿದರೆ ಪ್ರತಿ ಸಲವೂ ಒಂದೊಂದು ಭಾಗಕ್ಕೆ ಒಂದೊಂದು ಮತ ಬಿದ್ದು ಸಭೆ ಬರಖಾಸ್ತಾಗುತ್ತಿತ್ತು.

ನೀರು ಕುಡಿಯುವುದಕ್ಕೆ ಕಾರಣವಿತ್ತು. ಮೂರನೇ ಭಾಗವನ್ನು ಅವನು ಜನ್ಮದಲ್ಲಿ ಮುಗಿಸಿರಲಿಲ್ಲ. ಹನ್ನೊಂದನೇ ವಯಸ್ಸಿನಲ್ಲಿ ಎಂಟನೇ ಗುಡ್ಡದವರೆಗೆ ಹೋಗಿ, ಅಲ್ಲಿ ನೂರಾರು ಸಲ ತೋಳದ ಬಾಯಿಗೆ ಬಿದ್ದು ಕೈಚೆಲ್ಲಿದ್ದ. ಆದರೆ ಮೊದಲ ಸಭೆಯ ದಿನ, ಎಲ್ಲರೂ ತಮ್ಮ ಭಾಗದ ಕೊನೆಯನ್ನು ಬಣ್ಣಿಸುತ್ತಿದ್ದಾಗ, ಸುಮ್ಮನಿರಲಾರದೆ ಒಂದು ಕೊನೆಯನ್ನು ಅಲ್ಲೇ ಕಟ್ಟಿ ಹೇಳಿಬಿಟ್ಟಿದ್ದ. ಮರಿ ಒಂಬತ್ತನೇ ಗುಡ್ಡದ ತುದಿ ಮುಟ್ಟುತ್ತದೆ. ಅಲ್ಲಿ ಅದರ ಮುದಿ ತಾಯಿ. ಕಣ್ಣು ಕಾಣುವುದಿಲ್ಲ. ಮರಿಯ ಕೊರಳಗಂಟೆಯ ಸದ್ದಿಗೇ ಗುರುತು ಹಿಡಿದು ಹಣೆ ನೆಕ್ಕುತ್ತದೆ. ಮೆಲ್ಲಗೆ ಹಿಮ ಬೀಳುತ್ತದೆ. ಉಳಿದ ಮೂವರೂ ಕಣ್ಣೊರೆಸಿಕೊಂಡು, "ಹೌದು, ಅದೇ ಕೊನೆ. ಮರೆಯೋಕಾಗತ್ತಾ!" ಎಂದಿದ್ದರು. ಕಂಡವರೇ ತಲೆದೂಗಿದ ಮೇಲೆ ತನ್ನ ಊಹೆ ಹೇಗೋ ಸರಿಯಾಗಿಯೇ ಇದ್ದಿರಬೇಕು ಎಂದು ಅವನು ಸಮಾಧಾನ ಮಾಡಿಕೊಂಡಿದ್ದ.

ಈಗ ಫೋಟೋ ಬೇಕು. ಇಲ್ಲದಿದ್ದರೆ ಮೂರನೆಯವನು ಎಂಬ ಹೆಸರು ಹೋಗುತ್ತದೆ. ಅಂಗಡಿಯಲ್ಲಿ ಅವನನ್ನು ‘ಏಯ್’ ಎನ್ನುತ್ತಿದ್ದರು, ಮನೆಯಲ್ಲಿ ‘ರೀ’ ಎನ್ನುತ್ತಿದ್ದರು. ಅವನಿಗೊಂದು ಹೆಸರು, ಹೆಸರಿಗೊಂದು ಮರ್ಯಾದೆ ಇದ್ದದ್ದು ಸಭೆ ಸೇರುವ ಮೇಷ್ಟ್ರ ಮನೆಯ ಕೋಣೆಯಲ್ಲಿ ಮಾತ್ರ.

ಹಳೇ ಆಟದ ಪೆಟ್ಟಿಗೆಯ ದೋಷವೆಂದರೆ ಅದಕ್ಕೆ ನೆನಪಿಲ್ಲ. ಕರೆಂಟು ಹೋದರೆ ಮತ್ತೆ ಮೊದಲನೇ ಗುಡ್ಡದ ಬುಡ. ಹಾಗಾಗಿ ಶುಕ್ರವಾರ ಸಂಜೆ ಆಡಲು ಕೂತವನು ಊಟಕ್ಕೆ ಏಳುವಾಗ ಪಾಜ್ ಒತ್ತಿ ಹಾಗೇ ಬಿಟ್ಟ. ಬೆಳಗ್ಗೆ ಎದ್ದು ಮುಂದುವರಿಸಿದ. ಶನಿವಾರ ಎಂಟೂವರೆಗೆ ಒಂಬತ್ತನೇ ಗುಡ್ಡದಲ್ಲಿದ್ದ. ಉಳಿದದ್ದು ಒಂದೇ ಲೈಫ್. ಮರಿ ದೊಡ್ಡ ಕಮರಿಯ ಮೇಲೆ ಜಿಗಿದಿತ್ತು.

"ರೀ, ಅಂಗಡಿಗೆ ಹೋಗಲ್ವೇನ್ರೀ?" ಅಡುಗೆಮನೆಯಿಂದ ಹೆಂಡತಿ ಕೂಗಿದಳು.

ಬೆಚ್ಚಿಬಿದ್ದು ಪಾಜ್ ಒತ್ತಿದ. ಮರಿ ನಾಲ್ಕೂ ಕಾಲು ಚಾಚಿಕೊಂಡು ನಡುಗಾಳಿಯಲ್ಲಿ ನಿಂತಿತು.

"ಅತ್ತೆ, ಈ ಸ್ವಿಚ್ಚಿಗೆ ಯಾರೂ ಕೈ ಹಾಕಬಾರದು. ನಿಮ್ಮದೇ ಜವಾಬ್ದಾರಿ," ಎಂದು ಪಕ್ಕದಲ್ಲಿ ಕೂತಿದ್ದ ಹೆಂಡತಿಯ ತಾಯಿಗೆ ಹೇಳಿದ.

"ಅದು ಸರಿ ಅಳಿಯಂದ್ರೆ. ಆದ್ರೆ ಆ ಪಾಪದ ಪ್ರಾಣೀನ ಹೀಗೆ ನೇತಾಕಿ ಹೋಗ್ತೀರಲ್ಲ! ಒಂದು ಬಂಡೆ ಮೇಲಾದ್ರೂ ಇಳಿಸಿ ಹೋಗಬಾರದಾ?"

"ಟೈಮಿಲ್ಲ ಅತ್ತೆ. ಮಧ್ಯಾಹ್ನ ಊಟಕ್ಕೆ ಬಂದಾಗ ಇಳಿಸ್ತೀನಿ."

ಅತ್ತೆ ಅಳಿಯನನ್ನು ಕಟುಕನನ್ನು ನೋಡುವಂತೆ ನೋಡಿದರು.

ಅಂಗಡಿಯಲ್ಲಿ ಅವನ ಕೈ ಗಾಜಿನ ಮೇಲಿತ್ತು, ಜೀವ ಕಮರಿಯ ಮೇಲಿತ್ತು. ಹನ್ನೊಂದು ಗಂಟೆಗೆ ಫೋನು ಬಂತು.

"ಅಳಿಯಂದ್ರೆ, ಮಹಡಿ ಮನೆ ಇನ್ಸ್‌ಪೆಕ್ಟರು ಬಂದಿದಾರೆ. ಪೆಟ್ಟಿಗೆ ಮುಟ್ಟಿ ನೋಡಿ, ಮೈ ಕಾದಿದೆ ಅಂತಿದಾರೆ. ಒದ್ದೆ ಬಟ್ಟೆ ಹಾಕ್ಲಾ?"

"ಅಯ್ಯೋ, ಬೇಡ ಅತ್ತೆ! ಫೋನು ಅವರಿಗೆ ಕೊಡಿ!"

ಮಹಡಿ ಮನೆಯವರು ವಿದ್ಯುತ್ ಇಲಾಖೆಯ ನಿವೃತ್ತ ಇನ್ಸ್‌ಪೆಕ್ಟರು. ನಿವೃತ್ತಿಯಾದದ್ದು ಇಲಾಖೆಗೆ ಗೊತ್ತಿತ್ತು, ಅವರಿಗೆ ಇನ್ನೂ ಗೊತ್ತಾಗಿರಲಿಲ್ಲ. ಇಡೀ ಕಟ್ಟಡದ ತಂತಿ, ಬಲ್ಬು, ಫ್ಯೂಸುಗಳ ಉಸಾಬರಿ ಅವರದೇ.

"ಏನ್ರೀ, ಹದಿನಾರು ಗಂಟೆಯಿಂದ ಉರೀತಿದೆಯಂತೆ! ನಾನು ಪ್ಲಗ್ ಕೀಳ್ತಾ ಇದೀನಿ."

"ಬೇಡಿ ಸಾರ್! ನಿಮ್ಮ ಕಾಲಿಗೆ ಬೀಳ್ತೀನಿ! ಒಂದು ಜೀವದ ಪ್ರಶ್ನೆ!"

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆ ಕಡೆಯಿಂದ ಇನ್ಸ್‌ಪೆಕ್ಟರು ಸ್ವಲ್ಪ ಮೆತ್ತಗಾದರು.

"ಹೋಗಲಿ, ಟೇಬಲ್ ಫ್ಯಾನ್ ಇಡ್ತೀನಿ. ಆದ್ರೆ ಎರಡೂವರೆಗೆ ಇಡೀ ಕಟ್ಟಡದ ಮೇನ್ ತೆಗೀತೀನಿ. ಫ್ಯೂಸ್ ಬದಲಾಯಿಸೋದಿದೆ."

"ಸಾರ್, ನಾಳೆ ಮಾಡಬಾರದಾ?"

"ಮೆಟ್ಟಿಲ ಹತ್ತಿರ ನೋಟಿಸು ಅಂಟಿಸಿ ನಾಲ್ಕು ದಿನ ಆಯ್ತು. ಅದರಲ್ಲಿ ಇವತ್ತು ಅಂತಿದೆ," ಎಂದು ಫೋನಿಟ್ಟರು.

ಆ ಗಾಬರಿಯಲ್ಲೇ ಅವನು ಎದುರಿಗಿದ್ದ ಕನ್ನಡಕಕ್ಕೆ ಎಡಗಣ್ಣಿನ ಗಾಜನ್ನು ಬಲಕ್ಕೂ, ಬಲಗಣ್ಣಿನದನ್ನು ಎಡಕ್ಕೂ ಕೂರಿಸಿಬಿಟ್ಟ. ಅದು ಒಬ್ಬ ಹೆಡ್ ಮಿಸ್ಸಿನ ಕನ್ನಡಕ. ಆಕೆ ಹಾಕಿಕೊಂಡು ಎರಡು ಹೆಜ್ಜೆ ಇಟ್ಟರು. ಸಪಾಟು ನೆಲದ ಮೇಲೆ ಮೆಟ್ಟಿಲು ಹತ್ತುವವರಂತೆ ಕಾಲೆತ್ತಿ ಎತ್ತಿ ಇಟ್ಟು, ಕನ್ನಡಿಯ ಬೀರುವಿಗೆ ನಮಸ್ಕಾರ ಹೇಳಿ, ಬಾಗಿಲೆಂದು ತಿಳಿದು ಪೋಸ್ಟರಿನತ್ತ ಹೊರಟರು. ಮಾಲೀಕರು ಓಡಿಹೋಗಿ ಹಿಡಿದುಕೊಂಡರು.

"ಇದನ್ನ ಸರಿ ಮಾಡದೆ ಊಟಕ್ಕೆ ಎದ್ದೆಯೋ, ನೋಡು ಮತ್ತೆ!"

ಸರಿ ಮಾಡುವಷ್ಟರಲ್ಲಿ ಗಂಟೆ ಎರಡಕ್ಕೆ ಹತ್ತು ನಿಮಿಷ. ನಡೆದು ಹೋದರೆ ಅರ್ಧ ಗಂಟೆ. ಅವನು ಮುಖವನ್ನು ಸಾಧ್ಯವಾದಷ್ಟು ಬಾಡಿಸಿಕೊಂಡು ಮಾಲೀಕರ ಮುಂದೆ ನಿಂತ.

"ಸಾರ್, ಅರ್ಧ ದಿನ ರಜೆ ಬೇಕಿತ್ತು. ನಮ್ಮತ್ತೆಗೆ ಜೋರು ಜ್ವರ. ಹಾಸಿಗೆಯಿಂದ ಏಳೋಕಾಗ್ತಿಲ್ಲ."

ಮಾಲೀಕರು ಬಯ್ಯುತ್ತಾರೆ ಎಂದುಕೊಂಡಿದ್ದ. ಅವರು ಕರಗಿ ನೀರಾದರು.

"ಮೊದಲೇ ಹೇಳಬಾರದೇನಯ್ಯ? ಅದಕ್ಕೇ ಬೆಳಗ್ಗಿಂದ ಹಿಂಗಾಡ್ತಿದೀಯ. ಸ್ಕೂಟರು ಹತ್ತು, ನಾನೇ ಬಿಡ್ತೀನಿ. ಹಾಗೇ ಅವರನ್ನೂ ನೋಡಿಕೊಂಡು ಬರ್ತೀನಿ."

"ಬೇಡಿ ಸಾರ್, ನಿಮಗ್ಯಾಕೆ ತೊಂದರೆ..."

"ಸುಮ್ನೆ ಕೂತ್ಕೊಳ್ಳಯ್ಯ."

ದಾರಿಯಲ್ಲಿ ಒಂದು ಚೀಲ ಕಿತ್ತಳೆಯನ್ನೂ ಕೊಂಡರು. ಸ್ಕೂಟರಿನ ಹಿಂದೆ ಅವನು ಕಿತ್ತಳೆ ಚೀಲವನ್ನು ತಬ್ಬಿಕೊಂಡು, ಅತ್ತೆ ಮಲಗಿರಲಿ, ನಿದ್ದೆ ಹೋಗಿರಲಿ ಎಂದು ಕಂಡ ದೇವರಿಗೆಲ್ಲ ಹರಕೆ ಹೊತ್ತ.

ಬಾಗಿಲು ತೆರೆದಿತ್ತು. ಜೋರು ಜ್ವರದ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಟ್ಟೆಯ ಬೀರುವನ್ನು ಹೆಗಲು ಕೊಟ್ಟು ಪಕ್ಕಕ್ಕೆ ತಳ್ಳುತ್ತಿದ್ದರು. ಕಿಟಕಿಯ ಗಾಳಿ ಪೆಟ್ಟಿಗೆಗೆ ತಾಗಲಿ ಎಂದು. ಇನ್ಸ್‌ಪೆಕ್ಟರು ಪಕ್ಕದಲ್ಲಿ ನಿಂತು ಬೆವರೊರೆಸಿಕೊಳ್ಳುತ್ತಿದ್ದರು.

"ಜ್ವರ ಯಾರಿಗಯ್ಯ?" ಎಂದರು ಮಾಲೀಕರು.

"ಪೆಟ್ಟಿಗೆಗೆ," ಎಂದರು ಅತ್ತೆ. "ಈಗ ಸ್ವಲ್ಪ ಇಳಿದಿದೆ."

ಮಾಲೀಕರ ಮುಖ ಕೆಂಪಗಾದದ್ದನ್ನು ನೋಡಲು ಅವನಿಗೆ ಪುರುಸೊತ್ತಿರಲಿಲ್ಲ. ಗಂಟೆ ಎರಡು ಹತ್ತು. ನೆಲಕ್ಕೆ ಕುಕ್ಕರಿಸಿ ಜಾಯ್‌ಸ್ಟಿಕ್ ಎತ್ತಿಕೊಂಡು, ಉಸಿರು ಬಿಗಿಹಿಡಿದು ಪಾಜ್ ಬಿಡಿಸಿದ. ಬೆಳಗ್ಗೆಯಿಂದ ಗಾಳಿಯಲ್ಲಿದ್ದ ಮರಿ ಆಚೆ ದಡದ ಬಂಡೆಯ ಅಂಚಿಗೆ ಮುಂಗಾಲು ಊರಿ ನಿಂತಿತು.

"ಅಬ್ಬ, ಇಳೀತು ಪುಣ್ಯಾತ್ಗಿತ್ತಿ!" ಎಂದು ಅತ್ತೆ ಕೂತರು. ಹೆಂಡತಿ ಒಳಗಿನಿಂದ ಬಂದು ನಿಂತಳು. ಮಾಲೀಕರು ಬಯ್ಯಲು ತೆರೆದ ಬಾಯನ್ನು ಹಾಗೇ ಬಿಟ್ಟುಕೊಂಡು ಕುರ್ಚಿಯ ತುದಿಗೆ ಕೂತರು. ಐದು ನಿಮಿಷದಲ್ಲಿ ಕೋಣೆಯಲ್ಲಿದ್ದವರೆಲ್ಲ ಮೇಕೆ ಸಾಕುವುದರಲ್ಲಿ ಪಂಡಿತರಾಗಿದ್ದರು.

"ಎಡಕ್ಕೆ, ಎಡಕ್ಕೆ ಕಣಯ್ಯ! ಮುಳ್ಳು ಕಾಣಲ್ವಾ? ಕನ್ನಡಕದಂಗಡೀಲಿ ಕೆಲಸ ಬೇರೆ!"

"ತೋಳ ಹಿಂದಿದೆ ಅಳಿಯಂದ್ರೆ! ಬಾಗಿಲು ಹಾಕ್ಕೊಳ್ಳಿ!"

"ಎರಡು ಇಪ್ಪತ್ತೈದು," ಎಂದರು ಇನ್ಸ್‌ಪೆಕ್ಟರು, ಗಡಿಯಾರ ನೋಡುತ್ತ ಬಾಗಿಲಿನತ್ತ ಸರಿದು.

"ಸಾರ್, ಐದೇ ಐದು ನಿಮಿಷ ತಡವಾದ್ರೆ..."

"ನೋಟಿಸು ಅಂದ್ರೆ ನೋಟಿಸು ಕಣ್ರೀ." ಮೆಟ್ಟಿಲಿಳಿಯುವ ಅವರ ಚಪ್ಪಲಿ ಸದ್ದು ಕೇಳಿಸಿತು.

ಎರಡು ಇಪ್ಪತ್ತೊಂಬತ್ತಕ್ಕೆ ಮರಿ ಕೊನೆಯ ತೋಳದ ಬೆನ್ನ ಮೇಲೆ ಕಾಲಿಟ್ಟು, ತುದಿಯ ಬಂಡೆಗೆ ಜಿಗಿಯಿತು. ಅತ್ತೆ ಚಪ್ಪಾಳೆ ತಟ್ಟಿದರು. ಅವನ ಕಣ್ಣು ತುಂಬಿ ಬಂತು. ಈಗ ತಾಯಿ ಬರುತ್ತಾಳೆ.

ಯಾರೂ ಬರಲಿಲ್ಲ. ಮರಿ ಬಂಡೆಯ ಮೇಲೆ ಕೂತು ಹುಲ್ಲು ಮೆಲ್ಲತೊಡಗಿತು. ಕೆಳಗೆ ಅಕ್ಷರಗಳು ಮೂಡಿದವು: ‘ಆಟ ಮುಗಿಯಿತು. ಪೆಟ್ಟಿಗೆ ಆರಿಸಿ.’

"ಇಷ್ಟಕ್ಕಾ ಅಳಿಯಂದ್ರೆ?" ಎಂದರು ಅತ್ತೆ.

"ಫೋಟೋ!" ಎಂದು ಅವನು ಕಿರುಚಿದ. ಹೆಂಡತಿ ಫೋಟೋ ಹೊಡೆದಳು. ಕರೆಂಟು ಹೋಯಿತು.

ಕತ್ತಲಾದ ಟೀವಿಯ ಮುಂದೆ ಮಾಲೀಕರು ಎದ್ದು ನಿಂತು, "ಸೋಮವಾರ ಬಾ, ಮಾತಾಡೋಣ," ಎಂದರು. ಹೋಗುವಾಗ ಕಿತ್ತಳೆ ಚೀಲವನ್ನೂ ತೆಗೆದುಕೊಂಡು ಹೋದರು.

ಮೇಷ್ಟ್ರ ಮನೆಗೆ ನಡೆಯುವಾಗ ಅವನಿಗೆ ದುಃಖ ಉಮ್ಮಳಿಸಿ ಬಂತು. ಎಂಟು ವರ್ಷದಿಂದ ತಾನು ಕಟ್ಟಿಕೊಂಡಿದ್ದ ಆ ಮುದಿ ತಾಯಿ ಒಂದೇ ಕ್ಷಣದಲ್ಲಿ ಸತ್ತಂತಾಗಿತ್ತು. ಅದರ ಜೊತೆಗೇ ಇನ್ನೊಂದು ವಿಷಯ ಹೊಳೆದು ರಸ್ತೆಯ ಮಧ್ಯೆ ನಿಂತುಬಿಟ್ಟ. ಆ ಮೂವರಿಗೆ ಅವನ ಸುಳ್ಳು ಮೊದಲ ದಿನವೇ ಗೊತ್ತಾಗಿತ್ತು! ಅವನ ಮುಖ ಉಳಿಸಲು ಎಂಟು ವರ್ಷ ತುಟಿ ಪಿಟಕ್ಕೆನ್ನದೆ ತಲೆದೂಗಿದ್ದಾರೆ. ಎಂಥ ಜನ! ಇಂಥ ದೊಡ್ಡ ಮನಸ್ಸಿನವರ ಮುಂದೆ ಇನ್ನು ಸುಳ್ಳಾಡಿದರೆ ನಾಲಿಗೆ ಬಿದ್ದುಹೋದೀತು ಎಂದುಕೊಂಡು, ಎಲ್ಲವನ್ನೂ ಒಪ್ಪಿಕೊಳ್ಳುವ ತೀರ್ಮಾನ ಮಾಡಿ ಒಳಗೆ ಹೋದ.

ಉಳಿದವರ ಫೋಟೋಗಳು ಆಗಲೇ ಮೇಜಿನ ಮೇಲೆ ಬಂದಿದ್ದವು. ಒಂದು, ಎರಡು, ನಾಲ್ಕನೇ ಭಾಗದ ಆ ಫೋಟೋಗಳೆಲ್ಲ ಸರಿಯಾಗಿದ್ದವು. ಅವನು ತನ್ನ ಫೋನನ್ನು ಮೇಷ್ಟ್ರ ಮುಂದಿಟ್ಟ. ಮೇಷ್ಟ್ರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು.

"ಇದೇನಪ್ಪ ಇದು?"

"ಕೊನೆ ಸಾರ್."

"ತಾಯಿ ಎಲ್ಲಿ?"

"ತಾಯಿ ಇಲ್ಲ ಸಾರ್. ನಿಮಗೆಲ್ಲ ಗೊತ್ತೇ ಇದೆಯಲ್ಲ. ಆವತ್ತು ಅದನ್ನ ನಾನೇ ಕಟ್ಟಿ ಹೇಳಿದ್ದು. ನೀವೆಲ್ಲ ದೊಡ್ಡ ಮನಸ್ಸು ಮಾಡಿ ಇಷ್ಟು ವರ್ಷ..."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಬಾಯಿ ಬಿಟ್ಟವರು ನರ್ಸ್.

"ಏನು ಮಾತು ಅಂತ ಆಡ್ತಿದೀರಿ? ನಾನು ಕಣ್ಣಾರೆ ನೋಡಿದೀನ್ರೀ! ನಮ್ಮಕ್ಕನ ಪಕ್ಕ ಕೂತು ನೋಡಿ ಅತ್ತಿದೀನಿ. ತಾಯಿ ಬಲಗಡೆಯಿಂದ ಬರತ್ತೆ."

"ಎಡಗಡೆಯಿಂದ," ಎಂದ ಲಿಫ್ಟ್ ಮೆಕ್ಯಾನಿಕ್. "ನಾನು ಎರಡು ಸಲ ಮುಗಿಸಿದೀನಿ."

ನರ್ಸ್ ಅವನನ್ನು ನೋಡಿದರು, ಅವನು ನರ್ಸನ್ನು ನೋಡಿದ. ಇಬ್ಬರೂ ಮೇಷ್ಟ್ರನ್ನು ನೋಡಿದರು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಎಡಗಡೆಯಿಂದ ಬಂದು ಬಲಕ್ಕೆ ತಿರುಗುತ್ತೆ. ನನಗೆ ಚೆನ್ನಾಗಿ ನೆನಪಿದೆ."

"ಹಾಂ, ಅದೇ, ಅದೇ!" ಎಂದರು ಇಬ್ಬರೂ ಒಟ್ಟಿಗೆ.

ಆ ಮೂವರಲ್ಲಿ ಯಾರೂ ಮೂರನೇ ಭಾಗ ಮುಗಿಸಿದವರಲ್ಲ ಎಂದು ನಮ್ಮವನಿಗೆ ಆಗ ಅರ್ಥವಾಯಿತು. ಅರ್ಥವಾಗಿ ಏನು ಪ್ರಯೋಜನ? ಒಬ್ಬನೇ ಕೂತು ಮೂವರನ್ನು ಸುಳ್ಳರು ಎನ್ನುವುದಕ್ಕೆ ಅವನ ಬಳಿ ಇದ್ದದ್ದು ಹುಲ್ಲು ಮೆಲ್ಲುವ ಮೇಕೆಯ ಒಂದು ಫೋಟೋ.

"ಸಾರ್, ದೇವರಾಣೆ, ನಾನು ಇವತ್ತು ಮಧ್ಯಾಹ್ನ ಮುಗಿಸಿದೆ. ನಮ್ಮತ್ತೆ ಸಾಕ್ಷಿ, ನಮ್ಮ ಮಾಲೀಕರು ಸಾಕ್ಷಿ..."

"ಅವರಿಗೇನು ಗೊತ್ತು ಆಟದ ವಿಷಯ?" ಎಂದ ಮೆಕ್ಯಾನಿಕ್. "ಇದು ಸೋತು ಬಿಟ್ಟವರಿಗೆ ತೋರಿಸೋ ಚಿತ್ರ. ನೀವೇ ಓದಿ, ಪೆಟ್ಟಿಗೆ ಆರಿಸಿ ಅಂತ ಬರೆದಿದಾನೆ. ಗೆದ್ದವರಿಗೆ ಯಾರಾದ್ರೂ ಹಾಗಂತಾರಾ?"

"ಮುಗಿಸದೇ ಇದ್ದದ್ದು ತಪ್ಪಲ್ಲ," ಎಂದರು ನರ್ಸ್ ನೋವಿನಿಂದ. "ಆದ್ರೆ ಅಷ್ಟು ಚೆಂದದ ಕೊನೇನ ಇಲ್ಲವೇ ಇಲ್ಲ ಅಂತೀರಲ್ಲ, ಅದು ತಪ್ಪು. ನನ್ನ ಮತ ಇವತ್ತು ಮೂರನೇ ಭಾಗಕ್ಕೆ. ಆ ತಾಯಿಗೋಸ್ಕರ."

"ನನ್ನದೂ ಅದಕ್ಕೇ," ಎಂದ ಮೆಕ್ಯಾನಿಕ್. ಮೇಷ್ಟ್ರೂ ಕೈ ಎತ್ತಿದರು. ಅವನೂ ಅಭ್ಯಾಸಬಲದಿಂದ ಕೈ ಎತ್ತಿದ. ಮೇಷ್ಟ್ರು ಅದನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿದರು. ಸರಿಯಾದ ಫೋಟೋ ಇಲ್ಲದವರಿಗೆ ಮತವಿರಲಿಲ್ಲ.

ಎಂಟು ವರ್ಷದಲ್ಲಿ ಮೊದಲ ಬಾರಿಗೆ ಸಭೆ ಒಮ್ಮತದ ತೀರ್ಮಾನಕ್ಕೆ ಬಂತು. ಮೂರನೇ ಭಾಗವೇ ಶ್ರೇಷ್ಠ. ಮೂರೂ ಜನ ಎದ್ದು ಕೈಕುಲುಕಿಕೊಂಡರು. ಅವನು ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಮೇಷ್ಟ್ರು ಬಂದು ಹೆಗಲ ಮೇಲೆ ಕೈಯಿಟ್ಟರು.

"ಬೇಜಾರು ಮಾಡ್ಕೋಬೇಡಪ್ಪ. ಮುಂದಿನ ತಿಂಗಳವರೆಗೆ ಟೈಮಿದೆ. ಮೊದಲನೇ ಗುಡ್ಡದಿಂದ ಇನ್ನೊಂದು ಸಲ ಮನಸ್ಸಿಟ್ಟು ಆಡು. ಕೊನೆವರೆಗೂ ಹೋದ್ರೆ ತಾಯಿ ಖಂಡಿತ ಸಿಗ್ತಾಳೆ."