ಅಪ್ಪ ಬಿಚ್ಚಿಟ್ಟ ಇಂಜಿನ್ನು

ಎಲ್ಲ ಶುರುವಾದದ್ದು ಒಂದು ತೊಟ್ಟು ಎಣ್ಣೆಯಿಂದ. ಅಟ್ಟದ ಮೇಲಿನ ತಗಡಿನ ಡಬ್ಬಿಯಿಂದ ಜಾರಿದ ಅದು ಗುರಿಯಿಟ್ಟಂತೆ ಹಾಲಿನ ಪಾತ್ರೆಗೇ ಬಿತ್ತು.

ಹೆಂಡತಿ ಪಾತ್ರೆಯನ್ನು ತಂದು ಗುಮಾಸ್ತನ ಮೂಗಿನ ಕೆಳಗೆ ಹಿಡಿದಳು. "ನಿಮ್ಮಪ್ಪನ ಮೋಟಾರ್‌ಸೈಕಲ್ಲು ಹಿತ್ತಲಲ್ಲಿ, ಅದರ ಇಂಜಿನ್ನು ನನ್ನ ಅಡುಗೆಮನೆ ಅಟ್ಟದಲ್ಲಿ. ಸಂಜೆಯೊಳಗೆ ಎರಡೂ ಸೇರಿ ಓಡ್ಬೇಕು. ಇಲ್ಲಾಂದ್ರೆ ಗುಜರಿಗೆ ಹಾಕ್ತೀನಿ."

"ಗುಜರಿಗೆ ಬೇಡಮ್ಮಾ," ಎಂದರು ಮೂಲೆಯಲ್ಲಿ ಬಟ್ಟೆ ಮಡಚುತ್ತಿದ್ದ ಅವನ ತಾಯಿ. "ಅವರು ಕೈಯಾರೆ ಬಿಚ್ಚಿಟ್ಟದ್ದು ಅದು."

ಆ ಮಾತು ಗುಮಾಸ್ತನ ಎದೆಗೆ ನಾಟಿತು. ಅಪ್ಪ ರಿಪೇರಿ ಮಾಡಬೇಕೆಂದೇ ಬಿಚ್ಚಿರಬೇಕು. ಪಾಪ, ಜೋಡಿಸುವ ಮೊದಲೇ ಹೋಗಿಬಿಟ್ಟರು. ಹಿಡಿದ ಒಂದು ಕೆಲಸವನ್ನೂ ಮುಗಿಸಿದವನಲ್ಲ ತಾನು. ಅಪ್ಪನ ಕೆಲಸವನ್ನಾದರೂ ಮುಗಿಸಬೇಕು. ಕಚೇರಿಗೆ ಹೊಟ್ಟೆನೋವೆಂದು ಹೇಳಿ ಕಳಿಸಿ, ಡಬ್ಬಿಗಳನ್ನೆಲ್ಲ ಹಿತ್ತಲಲ್ಲಿ ಸುರಿದುಕೊಂಡ.

ಸುರಿದ ಮೇಲೆ ಹೊಟ್ಟೆನೋವು ನಿಜವಾಗಿಯೇ ಬಂತು. ತುಕ್ಕು ಹಿಡಿದ ಬೋಲ್ಟು, ಜಿಡ್ಡುಗಟ್ಟಿದ ಹಲ್ಲುಚಕ್ರ, ಹೆಸರೇ ಗೊತ್ತಿಲ್ಲದ ಬಳೆ ಬಿಲ್ಲೆಗಳು. ಮದುವೆಗೆ ಬಂದ ನೆಂಟರಂತೆ ಎಲ್ಲವೂ ನೆರೆದಿದ್ದವು. ಯಾರು ಯಾರಿಗೆ ಏನಾಗಬೇಕೆಂದು ಮಾತ್ರ ತಿಳಿಯಲಿಲ್ಲ.

ಸುತ್ತಿಗೆಯ ಸದ್ದಿಗೆ ಪಕ್ಕದ ಮನೆಯ ರಿಟೈರಾದ ಬಸ್ ಡ್ರೈವರು ಬೇಲಿ ದಾಟಿ ಬಂದರು. ಮಹಡಿಯಿಂದ ಹಲ್ಲಿನ ಡಾಕ್ಟರು ಇಳಿದರು.

"ಪಿಸ್ಟನ್ ಮೇಲಿನ ಬಾಣ ಮುಂದಕ್ಕಿರ್ಬೇಕು ಕಣಯ್ಯಾ," ಎಂದರು ಡ್ರೈವರು.

"ಬಾಯಿ ತೆಗೆಸಿ ನೋಡ್ದೆ ಹೇಗ್ರೀ ಹೇಳ್ತೀರಿ?" ಡಾಕ್ಟರು ಹಲ್ಲು ನೋಡುವ ಕನ್ನಡಿಯನ್ನು ಸಿಲಿಂಡರಿನೊಳಗೆ ತೂರಿಸಿ, "ಒಳಗೆಲ್ಲ ಹುಳುಕು!" ಎಂದು ಸಾರಿದರು.

ಹುಳುಕು ಕೆರೆದದ್ದಾಯಿತು. ಪಿಸ್ಟನ್ನು ಕೂರಿಸುವಾಗ, ಅದರ ಪಿನ್ನನ್ನು ಹಿಡಿದಿಡುವ ಪುಟ್ಟ ಸ್ಪ್ರಿಂಗು 'ಟಣ್' ಎಂದು ಹಾರಿ ಮಾಯವಾಯಿತು. ಮೂವರೂ ಅಂಬೆಗಾಲಿಟ್ಟು ಹಿತ್ತಲು ಜಾಲಾಡಿದರು. ಡಾಕ್ಟರ ಮೊಣಕಾಲಿಗೆ ಗಾಜು ಚುಚ್ಚಿತು, ಡ್ರೈವರ ಸೊಂಟ ಹಿಡಿದುಕೊಂಡಿತು. ಕೊನೆಗೆ ಸ್ಪ್ರಿಂಗು ಸಿಕ್ಕಿದ್ದು ಗುಮಾಸ್ತನ ಅಂಗಿಜೇಬಿನಲ್ಲೇ. ಆಗ ಅವರಿಬ್ಬರೂ ಅವನನ್ನು ನೋಡಿದ ನೋಟಕ್ಕೆ ಸುಣ್ಣದ ಗೋಡೆಯೂ ಕಪ್ಪಿಡುತ್ತಿತ್ತು.

ಇಂಜಿನ್ನು ಗಾಡಿಗೆ ಕೂತಿತು. ಪೆಟ್ರೋಲು ಹೊತ್ತಿಸುವ ಕಿಡಿ ಸ್ವಲ್ಪ ಮುಂಚೆ ಹಾರಬೇಕೆಂದರು ಡ್ರೈವರು. ಸ್ವಲ್ಪ ತಡವಾಗಿ ಎಂದರು ಡಾಕ್ಟರು. ಇಬ್ಬರಿಗೂ ಬೇಜಾರಾಗದಿರಲೆಂದು ಗುಮಾಸ್ತ ನಡುವೆ ಇಟ್ಟ.

ಪೆಟ್ರೋಲು ಹಾಕಿ ಒದ್ದರೆ ಕಿಕ್ಕರು ತಿರುಗಿ ಒದೆಯಿತು. ಚಪ್ಪಲಿ ಹಾರಿ ಡ್ರೈವರ ಮನೆಯ ಸೂರು ಸೇರಿತು. ಬರಿಗಾಲಲ್ಲಿ ಒದ್ದ. ಒದ್ದೂ ಒದ್ದೂ ಕಣಕಾಲು ಕುಂಬಳಕಾಯಿಯಾಯಿತು. ಹೊತ್ತು ಇಳಿಯಿತು. ಹೆಂಡತಿ ಬಾಗಿಲಲ್ಲಿ ಬಂದು ನಿಂತು, ಗುಜರಿಗೆಂದು ತಂದ ಗೋಣಿಚೀಲ ಕೊಡವಿದಳು.

"ನನ್ನ ಕೈಲಿ ಆಗಲ್ಲ. ಅಪ್ಪನ ಹೆಸರಿಗೂ ಮಸಿ ಬಳಿದೆ," ಎಂದು ಗುಮಾಸ್ತ ಕುಸಿದು ಕೂತ. ಕಣ್ಣಲ್ಲಿ ನೀರಾಡಿತು.

"ಇನ್ನೊಂದೇ ಒಂದು ಒದೆ," ಎಂದರು ಡ್ರೈವರು.

ಅಪ್ಪನನ್ನು ನೆನೆದು ಒದ್ದ. ಇಂಜಿನ್ನು ಕೆಮ್ಮಿತು, ಉಗುಳಿತು, ಆಮೇಲೆ ಹಿತ್ತಲೆಲ್ಲ ನಡುಗುವಂತೆ ಗುಡುಗಿತು! ಡಾಕ್ಟರು ಡ್ರೈವರನ್ನು ತಬ್ಬಿಕೊಂಡರು. ಹೆಂಡತಿ ನಕ್ಕೇಬಿಟ್ಟಳು. "ಅತ್ತೆ, ನೀವೂ ಹಿಂದೆ ಕೂತ್ಕೊಳ್ಳಿ!"

"ನಾನು ಇಲ್ಲೇ ಇರ್ತೀನಮ್ಮಾ," ಎಂದ ತಾಯಿ, ಗಾಡಿಯ ಹಿಂದೆ ತಾವು ಕೂತಿದ್ದ ಸ್ಟೂಲನ್ನು ಎತ್ತಿ ಪಕ್ಕಕ್ಕಿಟ್ಟುಕೊಂಡರು.

ಗುಮಾಸ್ತ ಬೀದಿಯ ಗೇಟನ್ನು ದಿಟ್ಟಿಸಿ, ಎದೆಯುಬ್ಬಿಸಿ, ಗೇರು ಹಾಕಿ ಕ್ಲಚ್ಚು ಬಿಟ್ಟ.

ಗೇಟು ಅವನಿಂದ ದೂರ ಓಡತೊಡಗಿತು. ಗಾಡಿ ಬಾಣದಂತೆ ಹಿಂದಕ್ಕೆ ನುಗ್ಗಿ, ಬಚ್ಚಲುಮನೆಯ ಬಾಗಿಲು ಮುರಿದು, ನೀರಿನ ಡ್ರಮ್ಮನ್ನು ಅವನ ತಲೆಯ ಮೇಲೇ ಬೋರಲು ಹಾಕಿ, ಸುಮ್ಮನಾಯಿತು.

ತಾಯಿ ನಿಧಾನವಾಗಿ ಬಂದು ಅವನ ತಲೆ ಒರೆಸಿದರು. "ಅಳ್ಬೇಡ ಕಂದಾ. ನಿಮ್ಮಪ್ಪ ಗೋಡೆನೇ ಕೆಡವಿದ್ರು, ನೀನು ಬರೀ ಬಾಗಿಲು."

"ಅಪ್ಪನಾ?"

"ಹೂಂ. ಇಂಜಿನ್ನು ಹತ್ತಿಕೊಂಡ್ರೆ ಉಲ್ಟಾ ತಿರುಗಿ ಹಿಂದಕ್ಕೇ ಹೋಗೋದು ಇದು. ಬೀದಿಯವರೆಲ್ಲ ನಗ್ತಾರೆ ಅಂತ ಬಿಚ್ಚಿ ಅಟ್ಟಕ್ಕೆ ಹಾಕಿದ್ರು."

"ಬೆಳಗ್ಗೆನೇ ಒಂದು ಮಾತು ಹೇಳ್ಬಾರ್ದಿತ್ತಾ ಅಮ್ಮಾ!"

"ಹೇಗೆ ಹೇಳ್ಲಪ್ಪಾ? ನಿಮ್ಮಪ್ಪನ ಕೈಲಾಗದ್ದು ನಿನ್ನ ಕೈಲಾದ್ರೂ ಆಗುತ್ತೇನೋ ಅಂತ, ಸಂಜೆವರೆಗೂ ಒಂದು ಆಸೆ ಇತ್ತು."