ಅಣ್ಣನ ಜೀಪಿನ ಹಿಂದಿನ ರಾಡು

ನಟ್ಟು ಬೋಲ್ಟಿನ ಕೆಲಸ ನನಗೆ ಹೊಸದಲ್ಲ. ಸೋಲಾಪುರದ ಆಫೀಸಿನಲ್ಲಿ ನನ್ನ ಕುರ್ಚಿಯನ್ನು ನಾನೇ ರಿಪೇರಿ ಮಾಡಿದ್ದೇನೆ. ಅದು ಇಂದಿಗೂ ನಿಂತಿದೆ. ಅದರ ಮೇಲೆ ಯಾರೂ ಕೂರುವುದಿಲ್ಲ, ಆ ಮಾತು ಬೇರೆ. ಇಷ್ಟು ಅನುಭವದ ಬಲದಿಂದ, ಎಳ್ಳಮಾವಾಸ್ಯೆಯ ಹಿಂದಿನ ದಿನ ನಮ್ಮೂರು ವಾಗದರಿಗೆ ಹೋಗಿ ಅಣ್ಣನ ಜೀಪಿನ ಕೆಳಗೆ ನುಸುಳಿದೆ.

ಅಣ್ಣ ಶ್ರಾವಣದಲ್ಲಿ ತೀರಿಕೊಂಡ. ಜ್ವರವೆಂದು ಮಲಗಿದವನು ಏಳಲಿಲ್ಲ. ಹೊಲದಲ್ಲೇ, ಬೇವಿನ ಗಿಡದ ಹತ್ತಿರ ಮಣ್ಣು ಕೊಟ್ಟೆವು. ಅವನ ಜೀಪು ಮಾತ್ರ ಅಂಗಳದಲ್ಲಿ ನಿಂತಿತ್ತು. ಅದನ್ನು ಅವನು ಎತ್ತರ ಮಾಡಿಸಿದ್ದ, ಸ್ಪ್ರಿಂಗು ಬದಲಿಸಿದ್ದ, ಟ್ರ್ಯಾಕ್ಟರೇ ನೋಡಿ ನಾಚಿಕೊಳ್ಳುವಂಥ ಟೈರು ಹಾಕಿಸಿದ್ದ. ಅವ್ವ ಹತ್ತಬೇಕಾದರೆ ಸ್ಟೂಲು ಬೇಕು. ಪ್ರತಿ ಎಳ್ಳಮಾವಾಸ್ಯೆಗೆ ಅಂಬಲಿ ಗಡಿಗೆ, ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಕಡಬಿನ ಸಮೇತ ಮನೆಮಂದಿಯೆಲ್ಲ ಅದರಲ್ಲಿ ಹೊಲಕ್ಕೆ ಹೋಗಿ, ಭೂತಾಯಿಗೆ ಎಡೆಯೆಂದು ಬೆಳೆಗೆ ಚರಗ ಚೆಲ್ಲಿ, ಅಲ್ಲೇ ಉಂಡು ಬರುತ್ತಿದ್ದೆವು.

ಈ ಸಲ ಅವ್ವ ಒಂದೇ ಮಾತು ಹೇಳಿದಳು. "ಹೋದ್ರ ಅವನ ಗಾಡ್ಯಾಗ ಹೋಗೂದು. ಇಲ್ಲಂದ್ರ ನಾ ಬರಂಗಿಲ್ಲ. ಅವಾ ಮಣ್ಣಿಗಿ ಹೋದ ಮ್ಯಾಲ ಮೊದಲನೇ ಚರಗ ಅದ."

ತೊಂದರೆ ಏನೆಂದರೆ ದಾರಿಯಲ್ಲಿ ಒಂದು ಹಳ್ಳವಿದೆ. ಬರೀ ಕಲ್ಲು. ಎರಡು ವರ್ಷದ ಹಿಂದೆ ಜೀಪಿನ ಒಂದು ಹಿಂದಿನ ಗಾಲಿ ಅಲ್ಲಿ ಗಾಳಿಯಲ್ಲಿ ನೇತಾಡಿತ್ತು. ಆಗ ಅಣ್ಣ ಹೇಳಿದ್ದ, "ತಮ್ಮಾ, ಹಿಂದಿನ ಸ್ಟೆಬಿಲೈಜರ್ ರಾಡ್ ತೆಗೀಬೇಕೋ. ಅದು ಎರಡೂ ಗಾಲಿನ ಜೋಡಿಲೆ ಕಟ್ಟಿ ಹಾಕೇದ. ತೆಗೆದ್ರ ಒಂದು ತೆಗ್ಗಿಗಿ ಇಳಿದ್ರೂ ಇನ್ನೊಂದು ನೆಲಾ ಬಿಡಂಗಿಲ್ಲ." ಮರುವರ್ಷ ನನಗೆ ರಜೆ ಸಿಗಲಿಲ್ಲ, ಅಮಾವಾಸ್ಯೆಗೆ ಬರಲಿಲ್ಲ. ಆದರೆ ಮಾತು ಮರೆತಿರಲಿಲ್ಲ. ಅಣ್ಣನ ಬಾಕಿ ಕೆಲಸವನ್ನು ತಮ್ಮನಲ್ಲದೆ ಇನ್ನಾರು ಮಾಡಬೇಕು?

ನನ್ನ ಹೆಂಡತಿ ಸುನಂದಾ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತ ಕೇಳಿದಳು, "ಮನ್ಯಾಗ ಗ್ಯಾಸ್ ಸಿಲಿಂಡರ್ ಕೂಡ್ಸಾಕ ಬಾಜೂ ಮನಿಯವರನ್ನ ಕರೀತೀರಿ. ಇದನ್ನ ಹ್ಯಾಂಗ ಬಿಚ್ಚತೀರಿ?"

"ಕೂಡ್ಸೂದು ಬ್ಯಾರೆ, ಬಿಚ್ಚೂದು ಬ್ಯಾರೆ. ಈಗ ಯಾರೂ ನನ್ನ ಮಾತಾಡಿಸಬ್ಯಾಡ್ರಿ!"

ಈ ಆಜ್ಞೆ ಹೊರಡಿಸಿ, ಅಂಗಿ ಬಿಚ್ಚಿ, ದನದ ಕೊಟ್ಟಿಗೆಯ ಗೋಡೆಗೆ ಅಡ್ಡ ಸಿಕ್ಕಿಸಿದ್ದ ಒಂದು ಕಬ್ಬಿಣಕ್ಕೆ ತೂಗುಹಾಕಿ, ಜೀಪಿನ ಕೆಳಗೆ ಹೋದೆ.

ಮೊಬೈಲಿನಲ್ಲಿ ಒಂದು ಹಿಂದಿ ವಿಡಿಯೋ ನೋಡಿಕೊಂಡಿದ್ದೆ. ಹಿಂದಿನ ಎರಡು ಗಾಲಿಗಳ ನಡುವೆ ಅಡ್ಡ ಮಲಗಿರುತ್ತದಲ್ಲ, ಅದೇ ಸ್ಟೆಬಿಲೈಜರ್ ರಾಡು ಎಂದು ಅವನು ಹೇಳಿದ್ದ. ನೋಡಿದೆ. ಅಡ್ಡ ಮಲಗಿದ ರಾಡು ಇದ್ದದ್ದೇ ಒಂದು. ಸಂಶಯಕ್ಕೆ ಆಸ್ಪದವೇ ಇಲ್ಲ! ವಿಡಿಯೋದ ರಾಡು ಎರಡೂ ತುದಿಗೆ ಬಾಗಿತ್ತು, ನಮ್ಮದು ನೆಟ್ಟಗಿತ್ತು. ಅಣ್ಣ ಗಾಡಿಯಲ್ಲಿ ಏನೇನೋ ಬದಲಿಸಿದ್ದನಲ್ಲ, ಇದನ್ನೂ ನೆಟ್ಟಗೆ ಮಾಡಿಸಿರಬೇಕು ಎಂದುಕೊಂಡೆ.

ಬೋಲ್ಟು ತುಕ್ಕು ಹಿಡಿದಿತ್ತು. ಅಡುಗೆಮನೆಯಿಂದ ಕುಸುಬಿ ಎಣ್ಣೆ ತಂದು ಸುರಿದೆ. ಬೋಲ್ಟು ಕುಡಿಯಿತು, ಅಲುಗಲಿಲ್ಲ. ಇನ್ನಷ್ಟು ಸುರಿದೆ. ಅದು ನನ್ನ ಕಣ್ಣಿಗೆ ಬಿತ್ತು. ಸ್ಪ್ಯಾನರಿನ ಹಿಡಿಗೆ ಪೈಪು ತೊಡಿಸಿ ಎರಡೂ ಕಾಲಿನಿಂದ ಒದ್ದೆ. ಪೈಪು ಹಾರಿ ಕೋಳಿಯೊಂದಕ್ಕೆ ತಾಗುವುದು ಸ್ವಲ್ಪದರಲ್ಲಿ ತಪ್ಪಿತು. ಕೋಳಿ ನನ್ನನ್ನು ನೋಡಿದ ರೀತಿ ಸುನಂದಾ ನೋಡುವ ರೀತಿಯೇ ಆಗಿತ್ತು.

ಅಣ್ಣನ ಗ್ರೀಸಿನ ಅರಿವೆ ಸ್ಪ್ರಿಂಗಿನ ಮೇಲೆ ಹಾಗೇ ಇತ್ತು. ಅದರಿಂದಲೇ ಕಣ್ಣು ಒರೆಸಿಕೊಂಡೆ. ಎಣ್ಣೆ ಬಿದ್ದಿತ್ತು, ಹಾಗಾಗಿ.

ಕೊನೆಗೆ ಬೋಲ್ಟು "ಟಣ್!" ಎಂದು ಹೊರಬಂತು. ಇಡೀ ಜೀಪು ಒಂದು ಮಗ್ಗುಲಿಗೆ ಜರುಗಿ ಉಸಿರು ಬಿಟ್ಟಂತಾಯಿತು. ಅಣ್ಣ ಹೇಳಿದ್ದು ಇದೇ, ಗಾಲಿಗಳು ಬಂಧಮುಕ್ತವಾದವು! ಇನ್ನೊಂದು ತುದಿಯನ್ನೂ ಬಿಚ್ಚಿ, ರಾಡನ್ನು ಒಯ್ದು ನನ್ನ ಅಂಗಿಯ ಪಕ್ಕದ ಗೂಟಕ್ಕೆ ವಿಜಯಪತಾಕೆಯಂತೆ ತೂಗುಹಾಕಿದೆ.

"ಎಣ್ಣಿ ಡಬ್ಬಿ ಎಲ್ಲಿ ಹೋತು?" ಎಂದು ಒಳಗಿನಿಂದ ಅವ್ವ ಕೂಗಿದಳು. ಗೆದ್ದವನು ಇಂಥ ಪ್ರಶ್ನೆಗಳಿಗೆ ಉತ್ತರಿಸುವುದಿಲ್ಲ.

ಮರುದಿನ ಎಲ್ಲರೂ ಹತ್ತಿದೆವು. ಅವ್ವ ಮುಂದೆ. ಹಿಂದೆ ಅಣ್ಣನ ಹೆಂಡತಿ, ನಮ್ಮ ವೈನಿ, ಮಡಿಲಲ್ಲಿ ಅಂಬಲಿ ಗಡಿಗೆ. ಅಣ್ಣ ಹೋದ ಮೇಲೆ ಅವರು ಈ ಗಾಡಿ ಹತ್ತಿದ್ದು ಅದೇ ಮೊದಲು. ಪಕ್ಕದಲ್ಲಿ ಸುನಂದಾ, ರೊಟ್ಟಿಯ ಬುಟ್ಟಿ.

ಗಾಡಿ ಹೊರಟಿತು. ನಾನು ಸ್ಟೀರಿಂಗು ನೆಟ್ಟಗೆ ಹಿಡಿದಿದ್ದೆ, ಗಾಡಿ ನೆಟ್ಟಗೆ ಹೋಗುತ್ತಿರಲಿಲ್ಲ. ಮುಂದಿನ ಗಾಲಿಗಳು ಹೊಲದ ಕಡೆ ಹೊರಟರೆ ಹಿಂದಿನವು ಅಕ್ಕಲಕೋಟದ ಕಡೆ ಹೊರಟವು. ಏಡಿಯ ನಡಿಗೆ!

ಕಟ್ಟೆಯ ಮೇಲಿದ್ದ ಬಸಣ್ಣ ಕಾಕಾ ಕೂಗಿದ, "ಯಾಕೋ ಮಾಸ್ತರಾ, ಗಾಡಿ ಅಡ್ಡ ಹೊಂಟದಲ್ಲೋ!" ನಾನು ಮಾಸ್ತರನಲ್ಲ. ಚಷ್ಮಾ ಇದ್ದವರೆಲ್ಲ ಅವನಿಗೆ ಮಾಸ್ತರರೇ.

"ಕೆಳಗ ಗಾಲಿ ಸಡಿಲ ಮಾಡೇನಿ ಕಾಕಾ, ಹಿಂಗೇ ಇರ್ತದ!"

ಹಳ್ಳಕ್ಕೆ ಇಳಿದೆವು. ಮೊದಲನೇ ಕಲ್ಲಿಗೆ ಹಿಂದಿನ ಭಾಗ ಎಡಕ್ಕೆ ಬೀಸಿತು. ಎರಡನೆಯದಕ್ಕೆ ಬಲಕ್ಕೆ. ಟೈರು ಗಾಡಿಯ ಮೈಗೆ ಉಜ್ಜಿ ಹೊಗೆ ಬಂತು. ಆಮೇಲೆ ಜೀಪು ಹಳ್ಳದ ನಟ್ಟನಡುವೆ ಅಡ್ಡಡ್ಡ ನಿಂತುಬಿಟ್ಟಿತು. ಅಂಬಲಿಯ ಅರ್ಧ ಗಡಿಗೆ ವೈನಿಯ ಸೀರೆಯ ಮೇಲೆ.

ನಾನು ಹಿಂದೆ ತಿರುಗಿ ನೋಡುವ ಧೈರ್ಯ ಮಾಡಲಿಲ್ಲ. ಅಷ್ಟರಲ್ಲಿ ಒಂದು ಸದ್ದು ಕೇಳಿತು. ಅಳುತ್ತಿದ್ದಾರೆ ಎಂದುಕೊಂಡೆ. ವೈನಿ ನಗುತ್ತಿದ್ದರು. ಶ್ರಾವಣದಿಂದ ಆ ನಗು ಯಾರೂ ಕೇಳಿರಲಿಲ್ಲ.

"ಭಾವಜಿ," ಎಂದರು, ಮೈದುನನಿಗೆ ಅವರು ಮರಾಠಿಯವರಂತೆ ಹೀಗೇ ಅನ್ನುವುದು, "ನಿನ್ನಿ ಏನ್ ಬಿಚ್ಚಿದ್ರಿ ನೀವು?"

"ಹಿಂದಿನ ಸ್ಟೆಬಿಲೈಜರ್ ರಾಡ್, ವೈನಿ. ಅಣ್ಣ ತೆಗೀಬೇಕು ಅಂದಿದ್ದ."

"ಅದನ್ನ ಅವರು ಹೋದ ವರ್ಷನಽ ತೆಗೆದಾರಲ್ರಿ! ಹೋದ ಅಮಾಸಿಗಿ ಈ ಹಳ್ಳ ಹೂವು ಎತ್ತಿದಂಗ ದಾಟೀವಿ. ನಿನ್ನಿ ನಿಮ್ಮ ಅಂಗಿ ಹಾಕಿದ್ರಲ್ಲ ಕೊಟ್ಟಿಗ್ಯಾಗ, ಅದಽ ಆ ರಾಡು!"

ಬಾಗಿದ ಎರಡು ತುದಿಗಳು ಕಣ್ಣ ಮುಂದೆ ಬಂದವು. ಅಂಗಿ ಜಾರದೆ ಎಷ್ಟು ಚೆನ್ನಾಗಿ ನಿಂತಿತ್ತು!

"ಮತ್ತ ನೀವು ನಿನ್ನಿನೇ ಯಾಕ ಹೇಳಲಿಲ್ಲ?"

"ಯಾರೂ ಮಾತಾಡಿಸಬ್ಯಾಡ್ರಿ ಅಂದವ್ರು ಯಾರು?" ಎಂದಳು ಸುನಂದಾ.

ನಾನು ಬಿಚ್ಚಿದ್ದು, ಗಾಲಿಗಳನ್ನು ಗಾಡಿಯ ಕೆಳಗೆ ಅತ್ತಿತ್ತ ಹೋಗದಂತೆ ಹಿಡಿದಿಡುವ ರಾಡು ಎಂದು ಆಮೇಲೆ ತಿಳಿಯಿತು. ಅದೊಂದನ್ನು ಬಿಟ್ಟು ಬೇರೆ ಏನು ಬಿಚ್ಚಿದ್ದರೂ ಹಳ್ಳ ದಾಟುತ್ತಿದ್ದೆವೋ ಏನೋ!

ಅವ್ವ ಸ್ಟೂಲಿಲ್ಲದೆ ಇಳಿದಳು. ನಾನು ಹಿಡಿದುಕೊಂಡೆ. ಉಳಿದ ಅರ್ಧ ಗಡಿಗೆಯನ್ನು ನನ್ನ ತಲೆಯ ಮೇಲೆ ಇಟ್ಟಳು. "ನಡಿ. ಇದನ್ನರ ನೆಟ್ಟಗ ಒಯ್ಯಿ."

ಜೋಳದ ನಡುವೆ ನಡೆದೆವು. ಪಾಂಡವರೆಂದು ಐದು ಕಲ್ಲಿಟ್ಟು ಪೂಜೆ ಮಾಡಿದೆವು, ಚರಗ ಚೆಲ್ಲಿದೆವು. ಬೇವಿನ ಗಿಡದ ಹತ್ತಿರ ಬಂದಾಗ ಅವ್ವ ಅಂಬಲಿಯನ್ನು ಮಣ್ಣಿಗೆ ಮೆಲ್ಲಗೆ ಸುರಿದು, "ಸ್ವಲ್ಪ ಕಡಿಮಿ ಅದ, ಮಗಾ. ನಿನ್ನ ತಮ್ಮ ಗಾಡಿ ಹೊಡದಾನ" ಎಂದು ಅವನಿಗೆ ಹೇಳಿದಳು. ಯಾಕೆ ಎಂದು ಅವನು ಕೇಳುತ್ತಿರಲಿಲ್ಲ. ಕುರ್ಚಿಯ ವಿಷಯ ಅವನಿಗೂ ಗೊತ್ತಿತ್ತು.

ಸಂಜೆ ಬಸಣ್ಣ ಕಾಕಾನ ಟ್ರ್ಯಾಕ್ಟರು ಜೀಪನ್ನು ಮನೆಗೆ ಎಳೆದು ತಂದಿತು. ಅಡ್ಡವಾಗಿಯೇ ಬಂತು. ನಾನು ಕೊಟ್ಟಿಗೆಗೆ ಹೋಗಿ ಗೋಡೆಯ ಮುಂದೆ ನಿಂತೆ. ಎರಡು ರಾಡು. ಒಂದು ಅಣ್ಣ ತೆಗೆದದ್ದು, ಒಂದು ನಾನು ತೆಗೆದದ್ದು. ನನ್ನದನ್ನು ತಿರುಗಿ ಕೂಡಿಸಲು ಅಕ್ಕಲಕೋಟದ ಮಿಸ್ತ್ರಿಗೆ ಫೋನು ಮಾಡಿ, ಅಂಗಿ ಬಿಚ್ಚಿ ಅಣ್ಣನದಕ್ಕೆ ತೂಗುಹಾಕಿದೆ.

ಬೇರೆ ಯಾವ ಕೆಲಸಕ್ಕೂ ನಾನು ಆ ರಾಡನ್ನು ಮುಟ್ಟಬಾರದೆಂದು ಅವ್ವನ ಅಪ್ಪಣೆಯಾಗಿದೆ.